ಮೋಡದ ಮೇಲೆ ಸಂತರು, ಕೆಳಗೆ ಹಡಗುಗಳು: ಲೆಪಾಂಟೊ ಗೆಲುವು ಯಾರ ಪಾಲಿಗೆ?

ಪ್ರಶ್ನೆ: ಮಗಳ ಜೊತೆ ಇಟಲಿ ಪ್ರವಾಸಕ್ಕೆ ಹೋದಾಗ ವೆನಿಸ್‌ನ ಅಕಾಡೆಮಿಯಾ ಗ್ಯಾಲರಿಯಲ್ಲಿ ಒಂದು ಚಿತ್ರದ ಮುಂದೆ ಬಹಳ ಹೊತ್ತು ನಿಂತೆ. ವೆರೊನೇಸೆ ಎಂಬ ಕಲಾವಿದನದು, 'ಲೆಪಾಂಟೊ ಯುದ್ಧದ ರೂಪಕ' ಎಂದು ಹೆಸರು. ಕೆಳಗೆ ಹಡಗುಗಳ ಕಾಳಗ, ಮೇಲೆ ಮೋಡದಲ್ಲಿ ದೇವಮಾತೆ, ಸಂತರು. ನಮ್ಮೂರ ಕೆರೆ ಏರಿಯ ವೀರಗಲ್ಲು ನೆನಪಾಯಿತು. ಯುದ್ಧವನ್ನು ಬರೆಯುವುದು ಬಿಟ್ಟು ಅರ್ಧ ಚಿತ್ರವನ್ನು ಮೋಡಕ್ಕೆ ಕೊಟ್ಟದ್ದೇಕೆ? ಬಿಳಿ ಬಟ್ಟೆಯ ಹೆಂಗಸು ಯಾರು? ದೇವದೂತ ಬೆಂಕಿ ಬಾಣ ಎಸೆಯುವ ಚಿತ್ರವನ್ನು ಇತಿಹಾಸ ಎಂದು ಹೇಗೆ ಒಪ್ಪುವುದು? (ಹಾವೇರಿ ಜಿಲ್ಲೆಯ ಓದುಗರೊಬ್ಬರು)

ಉತ್ತರ: ಮೊದಲು ವೀರಗಲ್ಲಿನ ಮಾತು. ಅದು ನಿಮಗೆ ಸುಮ್ಮನೆ ನೆನಪಾದದ್ದಲ್ಲ. ನಮ್ಮ ಕಲ್ಲಿನಲ್ಲೂ ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವಿನದರಲ್ಲಿ ಅಪ್ಸರೆಯರು ಸತ್ತವನನ್ನು ಕರೆದೊಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಹಡಗಿನ ಕಾಳಗದ ವೀರಗಲ್ಲುಗಳೂ ಇವೆ. ಗೋವಾದ ಕದಂಬರ ಕಾಲದವು ಅಲ್ಲಿನ ವಸ್ತುಸಂಗ್ರಹಾಲಯದಲ್ಲಿವೆ. ಮುಂಬಯಿಯ ಬೋರಿವಲಿಗೆ ಸೇರಿದ ಎಕ್ಸರ್‌ನಲ್ಲಿ ಆಳೆತ್ತರಕ್ಕೂ ಮೀರಿದ ಕಲ್ಲುಗಳಿವೆ, ಅವುಗಳಲ್ಲಿ ಸಾಲು ಹುಟ್ಟುಗಳ ಹಡಗು ಒಂದರ ಹಿಂದೆ ಒಂದು ಬರುತ್ತವೆ. ಹಾಗಾಗಿ ನೀರ ಮೇಲಿನ ಯುದ್ಧ ಕೆಳಗೆ, ದೇವಲೋಕ ಮೇಲೆ ಎಂಬ ವಿನ್ಯಾಸ ನಮಗೆ ಹೊಸದೇನಲ್ಲ.

ಆದರೆ ವೀರಗಲ್ಲನ್ನು ನಾವು ಕೆಳಗಿನಿಂದ ಮೇಲಕ್ಕೆ ಓದುತ್ತೇವೆ. ಹೋರಾಡಿದ, ಸತ್ತ, ಸ್ವರ್ಗಕ್ಕೆ ಹೋದ. ಕಥೆ ಒಬ್ಬ ಮನುಷ್ಯನದು. ಶಾಸನ ಇದ್ದರೆ ಅವನ ಹೆಸರು, ಅಪ್ಪನ ಹೆಸರು, ಯಾವ ಊರಿನ ದನ ಬಿಡಿಸಲು ಹೋಗಿ ಬಿದ್ದ ಎಂಬುದೂ ಇರುತ್ತದೆ. ವೆರೊನೇಸೆ ಚಿತ್ರ ಮೇಲಿನಿಂದ ಕೆಳಕ್ಕೆ ಇಳಿಯುತ್ತದೆ. ಮೇಲೆ ತೀರ್ಮಾನ ಆಗುತ್ತದೆ, ಕೆಳಗೆ ಅದು ನಡೆಯುತ್ತದೆ. ಕೆಳಗಿರುವವರಲ್ಲಿ ಒಬ್ಬನಿಗೂ ಹೆಸರಿಲ್ಲ, ಗುರುತು ಹಿಡಿಯುವಂಥ ಒಂದು ಮುಖವೂ ಇಲ್ಲ. ಯೂರೋಪಿನ ದೊಡ್ಡ ದೊಡ್ಡ ದಂಡನಾಯಕರು ಇದ್ದ ಯುದ್ಧ ಅದು. ಅವರನ್ನೆಲ್ಲ ಯಾಕೆ ಬಿಟ್ಟ? ಈ ಒಂದು ಪ್ರಶ್ನೆ ಹಿಡಿದು ಹೊರಟರೆ ನಿಮ್ಮ ಮೂರು ಪ್ರಶ್ನೆಗಳಿಗೂ ದಾರಿ ಸಿಗುತ್ತದೆ.

ಯುದ್ಧದ ಸಂಗತಿ ಇಷ್ಟು. 1571ರ ಅಕ್ಟೋಬರ್ 7, ಭಾನುವಾರ. ಗ್ರೀಸಿನ ಪಶ್ಚಿಮಕ್ಕೆ, ಪತ್ರಾಸ್ ಕೊಲ್ಲಿಯ ಬಾಯಿ. ಒಂದು ಕಡೆ ಆಟೊಮನ್ ತುರ್ಕರ ನೌಕಾಪಡೆ, ಅದರ ಮುಖ್ಯಸ್ಥ ಮುಅಝ್ಝಿನ್‌ಜಾದೆ ಅಲಿ ಪಾಷಾ. ಇನ್ನೊಂದು ಕಡೆ ಸ್ಪೇನ್, ಆಗ ಸ್ವತಂತ್ರ ಗಣರಾಜ್ಯವಾಗಿದ್ದ ವೆನಿಸ್ ಮತ್ತು ಪೋಪ್ ಸೇರಿ ಕಟ್ಟಿಕೊಂಡ 'ಪವಿತ್ರ ಕೂಟ'. ಅದರ ದಂಡನಾಯಕ ಸ್ಪೇನ್ ದೊರೆಯ ಮಲತಮ್ಮ, ಇಪ್ಪತ್ತನಾಲ್ಕರ ಹುಡುಗ ಡಾನ್ ಹುವಾನ್. ಎರಡೂ ಕಡೆ ಇನ್ನೂರಕ್ಕೂ ಹೆಚ್ಚು ಗ್ಯಾಲಿಗಳು. ಗ್ಯಾಲಿ ಎಂದರೆ ಉದ್ದನೆಯ, ತಗ್ಗಾದ, ಸಾಲಾಗಿ ಕೂತವರು ಹುಟ್ಟು ಹಾಕಿ ನಡೆಸುವ ಹಡಗು. ಹಾಯಿ ಇದ್ದರೂ ಕಾಳಗದ ಹೊತ್ತಿಗೆ ತೋಳಬಲವೇ ಗತಿ. ನಾಲ್ಕೈದು ತಾಸಿನಲ್ಲಿ ಎಲ್ಲ ಮುಗಿಯಿತು. ಅಲಿ ಪಾಷಾ ಸತ್ತ. ತುರ್ಕರ ನೂರಕ್ಕೂ ಹೆಚ್ಚು ಹಡಗು ಕೂಟದವರ ಕೈಸೇರಿದವು. ಕೂಟದ ಕಡೆ ಸತ್ತವರೇ ಏಳೂವರೆ ಸಾವಿರ ಎನ್ನುತ್ತಾರೆ. ತುರ್ಕರ ಕಡೆ ಅದರ ಎರಡು ಮೂರು ಪಟ್ಟು. ತುರ್ಕರ ಹಡಗುಗಳಲ್ಲಿ ಸರಪಳಿ ಹಾಕಿಸಿಕೊಂಡು ಹುಟ್ಟು ಎಳೆಯುತ್ತಿದ್ದ ಸುಮಾರು ಹನ್ನೆರಡು ಸಾವಿರ ಕ್ರೈಸ್ತ ಗುಲಾಮರಿಗೆ ಬಿಡುಗಡೆ ಆಯಿತು.

ಗೆದ್ದದ್ದು ಹೇಗೆ ಎಂದು ಯುದ್ಧ ಬಲ್ಲವರನ್ನು ಕೇಳಿದರೆ ಅವರು ಮೋಡದ ಕಡೆ ಕೈ ತೋರಿಸುವುದಿಲ್ಲ. ವೆನಿಸ್‌ನ ಸರಕಾರಿ ಹಡಗುಕಟ್ಟೆಯಲ್ಲಿ ಹಳೆಯ ದೊಡ್ಡ ವ್ಯಾಪಾರಿ ಗ್ಯಾಲಿಗಳ ಒಡಲಿಗೆ ಫಿರಂಗಿ ತುಂಬಿ ಗ್ಯಾಲಿಯಾಸ್ ಎಂಬ ಭಾರಿ ಹಡಗುಗಳನ್ನು ಮಾಡಿದ್ದರು. ಅಂಥ ಆರನ್ನು ಸಾಲಿನ ಮುಂದೆ ಎಳೆದು ನಿಲ್ಲಿಸಿದರು. ಮಾಮೂಲಿ ಗ್ಯಾಲಿಗೆ ಫಿರಂಗಿ ಇರುವುದು ಮುಂಬದಿಯಲ್ಲಿ ಮಾತ್ರ; ಇವಕ್ಕೆ ಪಕ್ಕದಲ್ಲೂ ಇದ್ದವು. ತುರ್ಕರ ಸಾಲು ಇವನ್ನು ದಾಟಿ ಬರುವಷ್ಟರಲ್ಲಿ ಚೆಲ್ಲಾಪಿಲ್ಲಿ. ಜೊತೆಗೆ ಕೂಟದವರ ಕೈಯಲ್ಲಿ ಬಂದೂಕು ಹೆಚ್ಚು, ತುರ್ಕರ ಕೈಯಲ್ಲಿ ಬಿಲ್ಲು ಹೆಚ್ಚು. ಇಡೀ ಬೇಸಿಗೆ ಕಡಲಲ್ಲಿ ಅಲೆದು ತುರ್ಕರ ಮಂದಿ ದಣಿದೂ ಇದ್ದರು.

ಈಗ ಆ ಕೂಟದ ಒಳಗಿನ ಸಂಗತಿ. ಚಿತ್ರದ ಕೀಲಿ ಇರುವುದು ಇಲ್ಲಿ.

1571ರ ಮೇ ತಿಂಗಳಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಖರ್ಚಿನ ಲೆಕ್ಕ ಸ್ಪಷ್ಟವಾಗಿತ್ತು: ಆರು ಪಾಲಿನಲ್ಲಿ ಸ್ಪೇನ್‌ಗೆ ಮೂರು, ವೆನಿಸ್‌ಗೆ ಎರಡು, ಪೋಪರಿಗೆ ಒಂದು. ಹಡಗಿನ ಲೆಕ್ಕ ಬೇರೆ. ಗ್ಯಾಲಿಗಳಲ್ಲಿ ಹೆಚ್ಚುಕಡಿಮೆ ಅರ್ಧ ವೆನಿಸ್‌ನವು. ಆ ಆರು ಗ್ಯಾಲಿಯಾಸ್‌ಗಳಂತೂ ಪೂರ್ತಿ ಅದರವೇ. ಆದರೆ ವೆನಿಸ್‌ನ ಹಡಗಿಗೆ ಹೋರಾಡುವ ಆಳು ಸಾಲದು. ಆದ್ದರಿಂದ ಸ್ಪೇನ್ ಸಂಬಳದ ಸೈನಿಕರನ್ನು ಅವುಗಳಿಗೆ ಹತ್ತಿಸಿದರು. ಹಡಗು ಒಬ್ಬರದು, ಸಿಪಾಯಿ ಇನ್ನೊಬ್ಬರವನು. ಮುಂದೇನಾಗುತ್ತದೆಂದು ಪಾಲುದಾರಿಕೆ ವ್ಯಾಪಾರ ಮಾಡಿದವರಿಗೆ ಹೇಳಬೇಕಾಗಿಲ್ಲ. ಯುದ್ಧಕ್ಕೆ ಕೆಲವೇ ದಿನ ಮೊದಲು ಒಂದು ವೆನಿಸ್ ಹಡಗಿನಲ್ಲಿ ಜಗಳ ಹತ್ತಿ ರಕ್ತ ಹರಿಯಿತು. ವೆನಿಸ್‌ನ ದಂಡನಾಯಕ ಸೆಬಾಸ್ಟಿಯಾನೊ ವೆನಿಯೆರ್ ಎಪ್ಪತ್ತು ದಾಟಿದ ಮುಂಗೋಪಿ ಮುದುಕ. ಅವನು ಜಗಳದಲ್ಲಿದ್ದ ಸ್ಪೇನ್ ಸಂಬಳದ ನಾಯಕನನ್ನೂ ಅವನ ಜೊತೆಯವರನ್ನೂ ಹಿಡಿಸಿ ನೇಣಿಗೆ ಹಾಕಿಬಿಟ್ಟ. ತನ್ನನ್ನು ಕೇಳದೆ ತನ್ನವರನ್ನು ಕೊಂದರು ಎಂದು ಡಾನ್ ಹುವಾನ್ ಕೆಂಡವಾದ. ಇನ್ನು ಈ ಮುದುಕನ ಮುಖ ನೋಡುವುದಿಲ್ಲ, ಮಾತಿದ್ದರೆ ಅವನ ಕೆಳಗಿನ ಅಗೊಸ್ಟಿನೊ ಬಾರ್ಬರಿಗೊ ಜೊತೆ ಮಾತ್ರ ಎಂದ. ತುರ್ಕರನ್ನು ಎದುರಿಸುವ ಮೊದಲೇ ತಮ್ಮತಮ್ಮೊಳಗೆ ಹೊಡೆದಾಡಿಕೊಳ್ಳುವ ಸ್ಥಿತಿ.

ಇಂಥವರು ಗೆದ್ದು ಬಂದರು ಎನ್ನಿ. ಈಗ ಚಿತ್ರ ಬರೆಯಬೇಕು. ಯಾರನ್ನು ನಡುವೆ ನಿಲ್ಲಿಸುತ್ತೀರಿ? ಡಾನ್ ಹುವಾನನನ್ನು ನಿಲ್ಲಿಸಿದರೆ ಚಿತ್ರ ವೆನಿಸ್‌ನದ್ದಾಗಿ ಉಳಿಯುವುದಿಲ್ಲ. ವೆನಿಯೆರನನ್ನು ನಿಲ್ಲಿಸೋಣವೆಂದರೆ ವೆನಿಸ್‌ನ ಗಣರಾಜ್ಯಕ್ಕೆ ಒಬ್ಬ ಮನುಷ್ಯನನ್ನು ಹೊತ್ತು ಮೆರೆಸುವುದೆಂದರೆ ಆಗದು. ದಂಡನಾಯಕ ಎಷ್ಟೇ ದೊಡ್ಡವನಾದರೂ ರಾಜ್ಯದ ಸೇವಕ ಅಷ್ಟೆ. ಬಾರ್ಬರಿಗೊ ಕಣ್ಣಿಗೆ ಬಾಣ ತಗುಲಿ ತೀರಿಹೋಗಿದ್ದ. ಈ ತೊಡಕನ್ನು ವೆರೊನೇಸೆ ಬಿಡಿಸಿದ್ದು ಎಲ್ಲರನ್ನೂ ಮೇಲಿನ ಮಹಡಿಗೆ ಸಾಗಿಸಿ. ಮನುಷ್ಯರ ಬದಲು ಅವರವರ ಕುಲದೈವ!

ನಿಮ್ಮ ಫೋನಿನಲ್ಲಿ ಫೋಟೊ ಇದ್ದರೆ ತೆಗೆಯಿರಿ. ಕೈಯಲ್ಲಿ ಬೀಗದ ಕೈ ಹಿಡಿದು ಮೊಣಕಾಲೂರಿದ ಮುದುಕ ಸಂತ ಪೇತ್ರ. ಪೋಪರ ಪೀಠವೇ ಅವನದು. ಸಿಂಹವನ್ನು ಜೊತೆಗಿಟ್ಟುಕೊಂಡವನು ಸಂತ ಮಾರ್ಕ; ವೆನಿಸ್‌ನ ಬಾವುಟದಲ್ಲಿ, ಕಂಬದ ಮೇಲೆ, ಬಾಗಿಲ ಮೇಲೆ ನೀವು ನೋಡಿದ ರೆಕ್ಕೆಯ ಸಿಂಹ ಅವನದೇ. ಇನ್ನೊಬ್ಬ ಯಾತ್ರಿಕನ ವೇಷದಲ್ಲಿದ್ದಾನೆ. ಅವನ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. ಕೆಲವರು ಅವನನ್ನು ಸಂತ ರೋಕ್ ಎನ್ನುತ್ತಾರೆ, ಪ್ಲೇಗಿನಿಂದ ಕಾಪಾಡುವವನು, ವೆನಿಸ್‌ಗೆ ಬಹಳ ಬೇಕಾದವನು. ಇನ್ನು ಕೆಲವರು ಸಂತ ಯಾಕೋಬ ಎನ್ನುತ್ತಾರೆ, ಸ್ಪೇನ್‌ನ ಕುಲದೈವ. ಇಬ್ಬರಿಗೂ ಯಾತ್ರಿಕನ ದಿರಿಸೇ ಆದ್ದರಿಂದ ಗೊಂದಲ. ಬರೀ ಗುರುತು ಹಚ್ಚುವ ಜಗಳ ಎಂದುಕೊಳ್ಳಬೇಡಿ. ಅವನು ಯಾಕೋಬನಾದರೆ ಮೂವರು ಪಾಲುದಾರರ ಸಹಿಯೂ ಚಿತ್ರದ ಮೇಲೆ ಬಿತ್ತು. ರೋಕ್ ಆದರೆ ಅರ್ಧ ಖರ್ಚು ಕೊಟ್ಟ ಸ್ಪೇನನ್ನು ವೆನಿಸ್ ತಣ್ಣಗೆ ಲೆಕ್ಕದಿಂದ ಕೈಬಿಟ್ಟಂತೆ. ನನ್ನ ಓದು ಯಾಕೋಬನ ಕಡೆಗೇ. ಪೇತ್ರ ಮತ್ತು ಮಾರ್ಕ ಇಬ್ಬರೂ ತಂತಮ್ಮ ರಾಜ್ಯದ ಪರವಾಗಿ ಬಂದು ನಿಂತಿರುವಾಗ ಮೂರನೆಯವನು ರೋಗ ವಾಸಿಮಾಡಲು ಬಂದವನೆಂದರೆ ಲೆಕ್ಕ ಕೂಡುವುದಿಲ್ಲ. ಆದರೆ ಯಾಕೋಬನಿಗೆ ಅರ್ಧ ಖರ್ಚಿನ ಮರ್ಯಾದೆಯೇನೂ ಸಿಕ್ಕಿಲ್ಲ ಎಂಬುದನ್ನೂ ಗಮನಿಸಿ. ಬೇಡುವವರ ಗುಂಪಿನಲ್ಲಿ ಅವನೂ ಒಬ್ಬ, ಅಷ್ಟೆ.

ನಾಲ್ಕನೆಯವಳು ಸಂತ ಜುಸ್ಟಿನಾ. ಪಾದುವಾ ಊರಿನವಳು, ಕತ್ತಿಗೆ ಬಲಿಯಾದ ಕನ್ಯೆ, ಅದಕ್ಕೇ ಅವಳ ಗುರುತು ಕಠಾರಿ. ಅವಳಿಗೆ ಇಲ್ಲಿ ಏನು ಕೆಲಸ? ತಾರೀಖಿನ ಕೆಲಸ. ಅಕ್ಟೋಬರ್ 7 ಅವಳ ಹಬ್ಬ. ನಮ್ಮಲ್ಲಿ 'ನವಮಿಯ ದಿನ ಗೆದ್ದರು' ಎಂದರೆ ಯಾರ ಕೃಪೆ ಎಂದು ಬಿಡಿಸಿ ಹೇಳಬೇಕಿಲ್ಲವಲ್ಲ, ಹಾಗೆ. ಪಾದುವಾ ಆಗ ವೆನಿಸ್ ಆಳ್ವಿಕೆಯ ಊರು. ಅಂದರೆ ಪಂಚಾಂಗವೇ ವೆನಿಸ್ ಪರ ಸಾಕ್ಷಿ ಹೇಳಿದಂತಾಯಿತು. ಆಮೇಲೆ ವೆನಿಸ್‌ನ ಮುಖ್ಯಸ್ಥನಾದ ಡೋಜೆ ಪ್ರತಿವರ್ಷ ಆ ದಿನ ಊರಿನ ಜುಸ್ಟಿನಾ ಗುಡಿಗೆ ಮೆರವಣಿಗೆಯಲ್ಲಿ ಹೋಗುವ ಪದ್ಧತಿ ಬಂತು. ಅವಳ ಹೆಸರಲ್ಲಿ ಬೆಳ್ಳಿ ನಾಣ್ಯವನ್ನೂ ಹೊಡೆಸಿದರು. ಕಾಗದದಲ್ಲಿ ಬರೆದುಕೊಂಡ ಪಾಲು ಆರಕ್ಕೆ ಎರಡು. ಮೋಡದ ಮೇಲೆ ಮಾರ್ಕ, ಜುಸ್ಟಿನಾ ಇಬ್ಬರನ್ನು ಕೂರಿಸಿ ವೆನಿಸ್ ಅದನ್ನು ಸದ್ದಿಲ್ಲದೆ ಹೆಚ್ಚಿಸಿಕೊಂಡಿತು.

ಎಲ್ಲರಿಗೂ ಮೇಲೆ ಯೇಸುವಿನ ತಾಯಿ ಮರಿಯಮ್ಮ. ಪೋಪ್ 5ನೇ ಪಿಯುಸ್ ಡೊಮಿನಿಕನ್ ಪಂಥದ ಸನ್ಯಾಸಿ, ಜಪಸರದಲ್ಲಿ ಅಪಾರ ನಂಬಿಕೆ. ಈ ಗೆಲುವು ಮಾತೆಗೆ ಸಲ್ಲಿಸಿದ ಜಪಸರದ ಪ್ರಾರ್ಥನೆಯ ಫಲ ಎಂಬುದು ಅವನ ನಿಲುವು. ಅವನು ಗೆಲುವಿನ ಮಾತೆಯ ಹೆಸರಲ್ಲಿ ಹಬ್ಬ ಮಾಡಿದ. 1573ರಲ್ಲಿ ಮುಂದಿನ ಪೋಪ್ 13ನೇ ಗ್ರೆಗರಿ ಅದನ್ನು ಜಪಸರ ಮಾತೆಯ ಹಬ್ಬವೆಂದು ಕರೆದ. ಮಂಗಳೂರಿನ ರೊಸಾರಿಯೊ ಕೆಥೆಡ್ರಲ್ ನಿಮಗೆ ಗೊತ್ತಿರಬೇಕು. ಆ ಗುಡಿಗೆ ಪೋರ್ಚುಗೀಸರು ಜಪಸರ ಮಾತೆಯ ಹೆಸರಿಟ್ಟದ್ದು 1568ರಲ್ಲಿ, ಯುದ್ಧಕ್ಕೂ ಮೂರು ವರ್ಷ ಮೊದಲು. ಆದರೆ ಇವತ್ತು ಜಪಸರ ಮಾತೆಯ ಹಬ್ಬ ಅಕ್ಟೋಬರ್ 7ಕ್ಕೇ ಬೀಳುವುದು ಈ ಕಡಲ ಕಾಳಗದಿಂದಾಗಿ. ಕರಾವಳಿಯ ಎಷ್ಟೋ ಮನೆಗಳಲ್ಲಿ ಅಕ್ಟೋಬರ್ ತಿಂಗಳಿಡೀ ಸಂಜೆ ಜಪಸರ ಹೇಳುವವರಿಗೆ ಪತ್ರಾಸ್ ಕೊಲ್ಲಿಯ ನೆನಪೇನೂ ಇರಲಿಕ್ಕಿಲ್ಲ. ವೆರೊನೇಸೆ ಚಿತ್ರ ಮೊದಲು ಇದ್ದದ್ದೂ ಅರಮನೆಯಲ್ಲಲ್ಲ. ಮುರಾನೊ ದ್ವೀಪದ ಸಾನ್ ಪಿಯೆತ್ರೊ ಮಾರ್ತಿರೆ ಎಂಬ ಡೊಮಿನಿಕನ್ ಗುಡಿಯಲ್ಲಿ, ಜಪಸರದ ಪೀಠದ ಬಳಿ. ಮೋಂಬತ್ತಿಯ ಬೆಳಕಲ್ಲಿ ಮೊಣಕಾಲೂರಿದವರು ತಲೆಯೆತ್ತಿ ನೋಡುವ ಚಿತ್ರ. ನೀವು ಗ್ಯಾಲರಿಯಲ್ಲಿ ನಿಂತು ನೋಡಿದ್ದರಿಂದ ಕೆಳಗಿನ ಹಡಗು ಮೊದಲು ಕಂಡವು. ಮೊಣಕಾಲೂರಿದವರ ಕಣ್ಣು ಮೊದಲು ಹೋಗುವುದು ಮೇಲಿನ ಮರಿಯಮ್ಮನ ಕಡೆಗೆ.

ಬಿಳಿ ಬಟ್ಟೆಯ ಹೆಂಗಸಿಗೆ ಬರೋಣ. ಮುಸುಕು ಹೊದ್ದು ಮರಿಯಮ್ಮನ ಮುಂದೆ ತಂದು ನಿಲ್ಲಿಸಿದಂತಿರುವ ಅವಳು ಸಂತಳಲ್ಲ. ಅವಳು ವೆನಿಸ್ ಎನ್ನುವವರು ಹೆಚ್ಚು. 'ವಿಶ್ವಾಸ' ಎಂಬ ಗುಣವೇ ಹೆಣ್ಣಾಗಿ ಬಂದದ್ದು ಎನ್ನುವವರೂ ಇದ್ದಾರೆ. ತಾಯಿ ಭುವನೇಶ್ವರಿಯನ್ನು ಕನ್ನಡ ನಾಡು ಎಂದು ನೋಡಿ ಬೆಳೆದ ನಮಗೆ ನಾಡೊಂದು ಹೆಣ್ಣಾಗಿ ಬಂದರೆ ಅಚ್ಚರಿ ಆಗಬಾರದು. ರೂಪಕಚಿತ್ರದ ಮೂಲ ಉಪಾಯವೇ ಅದು: ಕೈಗೆ ಸಿಗದ್ದಕ್ಕೆ ಮೈ ಕೊಡುವುದು. ಆದರೆ ವೆನಿಸ್ ಎಂಬ ಹೆಣ್ಣನ್ನು ವೆರೊನೇಸೆ ಬೇರೆ ಕಡೆ ಹೇಗೆ ಬರೆದಿದ್ದಾನೆ ಗೊತ್ತೇ? ಡೋಜೆಯ ಅರಮನೆಯ ಚಾವಣಿಯಲ್ಲಿ ಅವಳು ಜರತಾರಿ ಉಡುಪಿನ, ಕಿರೀಟ ತೊಡುವ ರಾಣಿ. ಇಲ್ಲಿ ಬಿಳಿ ಬಟ್ಟೆಯಲ್ಲಿ ಹರಕೆ ಹೊತ್ತವಳು. ಒಬ್ಬನೇ ಕಲಾವಿದ ಒಂದೇ ನಾಡನ್ನು ಗುಡಿಯಲ್ಲಿ ಒಂದು ಥರ, ಅರಮನೆಯಲ್ಲಿ ಒಂದು ಥರ ಬರೆಯುತ್ತಾನೆ. ಜಾಗ ನೋಡಿ ಮಾತು.

ಬೆಂಕಿ ಬಾಣದ ವಿಷಯ. ಮೋಡದ ಅಂಚಿನಿಂದ ದೇವದೂತನೊಬ್ಬ ತುರ್ಕರ ಹಡಗುಗಳ ಮೇಲೆ ಉರಿಯುವ ಬಾಣ ಎಸೆಯುತ್ತಾನೆ. ಒಂದು ಕಡೆಗೆ ಬೆಳಕಿನ ಕೋಲು ಇಳಿಯುತ್ತವೆ, ಇನ್ನೊಂದು ಕಡೆ ಕಪ್ಪು ಮೋಡ. ಇದನ್ನು ಇತಿಹಾಸವೆಂದು ಒಪ್ಪಲಾಗದು ಎನ್ನುತ್ತೀರಿ. ಒಪ್ಪಬೇಡಿ. ಆದರೆ ಅದು ಮುಚ್ಚುತ್ತಿರುವುದೇನು ಎಂದು ನೋಡಿ. ಅವತ್ತು ಬೆಂಕಿ ಸುರಿದದ್ದು ನಿಜ, ಸುರಿದದ್ದು ವೆನಿಸ್ ಎರಕ ಹೊಯ್ದ ಕಂಚಿನ ಫಿರಂಗಿಗಳಿಂದ. ಫಿರಂಗಿಗೆ ತಂತ್ರಜ್ಞ ಬೇಕು, ದುಡ್ಡು ಬೇಕು, ಅದಕ್ಕೊಂದು ಲೆಕ್ಕದ ಪುಸ್ತಕ ಬೇಕು. ಅದು ಬಂದರೆ 'ಯಾರ ಫಿರಂಗಿ' ಎಂಬ ಪ್ರಶ್ನೆಯೂ ಬರುತ್ತದೆ. ದೇವದೂತನ ಬಾಣಕ್ಕೆ ಬಿಲ್ಲು ಹಾಕುವವರಿಲ್ಲ. ಅದು ಯಾವ ಪಾಲುದಾರನದ್ದೂ ಅಲ್ಲ, ಆದ್ದರಿಂದ ಎಲ್ಲರದ್ದೂ.

ಒಂದು ತಮಾಷೆ ಕೇಳಿ. ಇದೇ ವೆರೊನೇಸೆಯನ್ನು 1573ರ ಜುಲೈ 18ರಂದು ವೆನಿಸ್‌ನ ಧರ್ಮವಿಚಾರಣೆಯವರು, ಅಂದರೆ ಧರ್ಮಕ್ಕೆ ವಿರುದ್ಧ ನಡೆದವರನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿಯವರು, ಕರೆಸಿ ಕೂರಿಸಿದರು. ಯೇಸುವಿನ ಕೊನೆಯ ಊಟದ ದೊಡ್ಡ ಚಿತ್ರದಲ್ಲಿ ಗಿಳಿ ಹಿಡಿದ ವಿದೂಷಕ ಯಾಕೆ, ನಾಯಿ ಯಾಕೆ, ಜರ್ಮನ್ ಉಡುಪಿನ ಕಾವಲುಗಾರರು ಯಾಕೆ, ಮೂಗಲ್ಲಿ ರಕ್ತ ಸುರಿಸುವ ಆಳು ಯಾಕೆ ಎಂದು ಕೇಳಿದರು. ಕವಿಗಳಿಗೂ ಹುಚ್ಚರಿಗೂ ಇರುವ ಸಲಿಗೆ ನಮಗೂ ಉಂಟು ಎಂಬ ಅರ್ಥದ ಉತ್ತರ ಕೊಟ್ಟ. ಕೊನೆಗೆ ಚಿತ್ರ ತಿದ್ದುವ ಬದಲು ಹೆಸರು ಬದಲಿಸಿ 'ಲೇವಿಯ ಮನೆಯ ಔತಣ' ಎಂದು ಮಾಡಿ ಪಾರಾದ. ಅದೂ ಅಕಾಡೆಮಿಯಾದಲ್ಲೇ ಇದೆ, ಒಂದು ಗೋಡೆಯಷ್ಟು ಅಗಲ, ನೀವು ಖಂಡಿತ ನೋಡಿರುತ್ತೀರಿ. ಕಣ್ಣಾರೆ ಕಂಡಂಥ ನಾಯಿಯನ್ನು ಪ್ರಶ್ನಿಸಿದವರಿಗೆ ಕಣ್ಣಿಗೆ ಕಾಣದ ಬಾಣ ಎಸೆಯುವ ದೇವದೂತ ಒಂದು ಸಮಸ್ಯೆಯೇ ಆಗಿರಲಿಲ್ಲ.

ಈಗ ಸ್ವಲ್ಪ ಹತ್ತಿರ ಹೋಗೋಣ. ಚಿತ್ರ ದೊಡ್ಡದಲ್ಲ, ಸುಮಾರು 169 ಸೆಂಟಿಮೀಟರ್ ಎತ್ತರ, 137 ಅಗಲ. ಮೇಲಿನ ಸಂತರಿಗೆ ಬಟ್ಟೆಯ ಮಡಿಕೆ, ಗಡ್ಡ, ಕೈಬೆರಳು ಎಲ್ಲ ಇದೆ. ಕೆಳಕ್ಕೆ ಬಂದರೆ ಕುಂಚದ ಭಾಷೆಯೇ ಬದಲಾಗುತ್ತದೆ. ಹಡಗುಗಳು ಸಂತೆಯಲ್ಲಿ ಗಾಡಿ ಸಿಕ್ಕಿಹಾಕಿಕೊಂಡ ಹಾಗೆ ಒಂದರೊಳಗೊಂದು. ಹುಟ್ಟು ಎಂದರೆ ಬಾಚಣಿಗೆ ಹಲ್ಲಿನಂಥ ಗೀರು. ಜನ ಎಂದರೆ ಒಂದೆರಡು ತಟ್ಟು ಬಣ್ಣ. ಪಟಸ್ತಂಭ, ಈಟಿ, ಬಾವುಟದ ಕೋಲು ಯಾವುದು ಯಾವುದೆಂದು ಬಿಡಿಸಲಾಗದು. ಚಿತ್ರಕಲೆ ವಿದ್ಯಾರ್ಥಿಗಳಿಗೆ ನಾನು ಈ ಕೆಳಭಾಗವನ್ನು ಮಾತ್ರ ಕತ್ತರಿಸಿ ತೋರಿಸಿ, ಯಾರ ಹಡಗು ಗೆಲ್ಲುತ್ತಿದೆ ಹೇಳಿ ಎನ್ನುತ್ತೇನೆ. ಯಾರೂ ಹೇಳಿದ್ದಿಲ್ಲ. ಮೇಲಿನ ಭಾಗ ಸೇರಿಸಿದ ಕೂಡಲೇ ಬೆಳಕು ಬಿದ್ದ ಕಡೆಗೆ ಕೈ ತೋರಿಸುತ್ತಾರೆ. ಯುದ್ಧವನ್ನೇ ಬರೆಯಬಾರದಿತ್ತೇ ಎಂದು ಕೇಳಿದ್ದಿರಲ್ಲ, ಅದಕ್ಕೆ ಉತ್ತರ ಇದೇ. ಗ್ಯಾಲಿ ಯುದ್ಧ ಹತ್ತಿರದಿಂದ ನೋಡಿದರೆ ಗೆದ್ದವರು ಸೋತವರು ಗೊತ್ತಾಗದ ಗಲಿಬಿಲಿ. ಗೆಲುವು ಕಣ್ಣಿಗೆ ಕಾಣಬೇಕಾದರೆ ಅದನ್ನು ಹೊರಗಿನಿಂದ ತರಬೇಕು.

ಸಾಮಗ್ರಿಯ ಬಗ್ಗೆ ಒಂದು ಮಾತು, ಇದು ನನ್ನ ಇಷ್ಟದ ವಿಷಯ ಆದ್ದರಿಂದ. ಗೋಡೆಯ ಹಸಿ ಗಾರೆಯ ಮೇಲೆ ಬರೆಯುವ ಪದ್ಧತಿ ಫ್ಲಾರೆನ್ಸ್, ರೋಮ್‌ಗಳಲ್ಲಿ ನಡೆಯಿತು. ನೀರಲ್ಲೇ ನಿಂತ ವೆನಿಸ್‌ನಲ್ಲಿ ಉಪ್ಪುಗಾಳಿಗೆ ಗೋಡೆ ಬಣ್ಣ ಬಿಟ್ಟುಕೊಡುತ್ತದೆ. ಹಾಗಾಗಿ ಅಲ್ಲಿನವರು ಕ್ಯಾನ್ವಾಸ್ ಮೇಲಿನ ತೈಲಚಿತ್ರಕ್ಕೆ ಬಹು ಬೇಗ ಒಗ್ಗಿಕೊಂಡರು. ಹಾಯಿಬಟ್ಟೆ ನೇಯುವ ಊರಲ್ಲಿ ಬಟ್ಟೆಗೇನು ಬರ? ಹಡಗಿಗೆ ಹಾಯಿ ಹೊಲಿಯುವ ಊರೇ ಹಡಗಿನ ಚಿತ್ರಕ್ಕೂ ಬಟ್ಟೆ ಕೊಟ್ಟಿತು. ಬಣ್ಣ ಮಾರುವುದನ್ನೇ ಕಸುಬು ಮಾಡಿಕೊಂಡ ಅಂಗಡಿಯವರೂ ವೆನಿಸ್‌ನಲ್ಲಿದ್ದರು, ಬೇರೆ ಊರಿನ ಕಲಾವಿದರು ಬಣ್ಣ ಕೊಳ್ಳಲು ಅಲ್ಲಿಗೆ ಬರುತ್ತಿದ್ದರು. ಆ ಕಾಲದ ನೀಲಿಗಳಲ್ಲಿ ಸ್ಮಾಲ್ಟ್ ಎಂಬುದು ಕೋಬಾಲ್ಟ್ ಹಾಕಿ ಕಾಸಿದ ಗಾಜಿನ ಪುಡಿ. ಎಣ್ಣೆಯಲ್ಲಿ ಕಲಸಿದರೆ ವರ್ಷಗಳು ಕಳೆದಂತೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ವೆನಿಸ್‌ನ ಹಳೆಯ ಚಿತ್ರಗಳಲ್ಲಿ ಆಕಾಶ ಮಂಕಾಗಿ ಕಂಡರೆ ಅದನ್ನೆಲ್ಲ ಕಲಾವಿದನ ಭಾವ ಎಂದು ಅರ್ಥ ಮಾಡಲು ಹೋಗಬೇಡಿ, ಕೆಲವೊಮ್ಮೆ ಬರೀ ರಸಾಯನಶಾಸ್ತ್ರ.

ಇದೇ ಯುದ್ಧದ ಇನ್ನೊಬ್ಬ ಪಾಲುದಾರನ ಲೆಕ್ಕಪುಸ್ತಕ ಹೇಗಿತ್ತು ನೋಡಬೇಕಾದರೆ ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು. ಟಿಷಿಯನ್, ವೆನಿಸ್‌ನ ಕಲಾವಿದರ ಹಿರಿಯಜ್ಜ, ಸ್ಪೇನ್ ದೊರೆ 2ನೇ ಫಿಲಿಪ್‌ಗಾಗಿ 1573ರಿಂದ 75ರ ನಡುವೆ ಒಂದು ಚಿತ್ರ ಬರೆದ. ಯುದ್ಧದ ಹತ್ತಿರವೂ ಸುಳಿಯದ ದೊರೆ ಅದರಲ್ಲಿ ನಡುವೆ ನಿಂತಿದ್ದಾನೆ. ಯುದ್ಧವಾಗಿ ಎರಡು ತಿಂಗಳಿಗೆ, 1571ರ ಡಿಸೆಂಬರ್ 4ರಂದು ಹುಟ್ಟಿದ ಮಗ ಫೆರ್ನಾಂಡೊನನ್ನು ಎರಡೂ ಕೈಯಲ್ಲಿ ಎತ್ತಿ ಆಕಾಶಕ್ಕೆ ಒಪ್ಪಿಸುತ್ತಾನೆ. ಮೇಲಿಂದ ತಲೆಕೆಳಗಾಗಿ ಇಳಿಯುವ ದೇವದೂತೆ ಕೂಸಿಗೆ ಗೆಲುವಿನ ಗರಿ ಕೊಡುತ್ತಾಳೆ. ಜೊತೆಯ ಪಟ್ಟಿಯಲ್ಲಿ ಲ್ಯಾಟಿನ್ ಮಾತು, 'ಮಯೋರಾ ಟಿಬಿ', ನಿನಗೆ ಇದಕ್ಕಿಂತ ದೊಡ್ಡವು ಕಾದಿವೆ ಎಂದು. ಕಾಲ ಬಳಿ ಕೈ ಕಟ್ಟಿಹಾಕಿಸಿಕೊಂಡ ಸೆರೆಯಾಳು ತುರ್ಕ, ಪಕ್ಕದಲ್ಲಿ ಅವನ ಮುಂಡಾಸು. ಹಡಗುಗಳು? ದೂರದಲ್ಲಿ, ಹೊಗೆಯಾಗಿ. ವೆನಿಸ್ ಎಂಬ ಹೆಸರೂ ಇಲ್ಲ, ಪೋಪರೂ ಇಲ್ಲ, ಸ್ವಂತ ತಮ್ಮ ಡಾನ್ ಹುವಾನನೂ ಇಲ್ಲ. ಗೆಲುವು, ಗಂಡುಸಂತಾನ ಎರಡೂ ಒಂದೇ ಮನೆಗೆ ಬಂದ ದೇವರ ಪ್ರಸಾದ. ಆ ಕೂಸು ಏಳು ತುಂಬುವ ಮೊದಲೇ, 1578ರಲ್ಲಿ ತೀರಿಕೊಂಡಿತು. 1625ರಲ್ಲಿ ಆ ಚಿತ್ರಕ್ಕೆ ಬಟ್ಟೆ ಸೇರಿಸಿ ದೊಡ್ಡದು ಮಾಡಿದರು, ಫಿಲಿಪ್‌ನ ಅಪ್ಪ ಕುದುರೆ ಮೇಲೆ ಕೂತ ಇನ್ನೊಂದು ಟಿಷಿಯನ್ ಚಿತ್ರಕ್ಕೆ ಜೋಡಿಯಾಗಲಿ ಎಂದು. ಚಿತ್ರವಾಗಿ ನನಗೆ ವೆರೊನೇಸೆಯದಕ್ಕಿಂತ ಅದು ಒಂದು ತೂಕ ಕಡಿಮೆಯೇ. ದೊರೆಯ ಕೈಯಲ್ಲಿ ಮಗು ಮಗುವಿನಂತಿಲ್ಲ, ಗೆದ್ದ ಕಪ್ಪಿನಂತಿದೆ.

ವೆನಿಯೆರ್ ಮುದುಕನ ಪಾಡು ಏನಾಯಿತೆಂದು ಕೇಳುತ್ತೀರೇನೋ. ವೆನಿಸ್‌ನ ಇನ್ನೊಬ್ಬ ಕಲಾವಿದ ಟಿಂಟೊರೆಟ್ಟೊ ಡೋಜೆಯ ಅರಮನೆಗಾಗಿ ಲೆಪಾಂಟೊ ಯುದ್ಧವನ್ನು ಯುದ್ಧವಾಗಿಯೇ ದೊಡ್ಡದಾಗಿ ಬರೆದಿದ್ದ. 1577ರ ಡಿಸೆಂಬರ್‌ನಲ್ಲಿ ಅರಮನೆಗೆ ಬೆಂಕಿ ಬಿದ್ದು ಅದು ಸುಟ್ಟುಹೋಯಿತು. ಈಗ ಆ ಗೋಡೆಯ ಮೇಲಿರುವುದು ಆಂಡ್ರಿಯಾ ವಿಚೆಂಟಿನೊನದು. ನೀವು ಕೇಳಿದಂಥ ನೇರ ಯುದ್ಧಚಿತ್ರ ಬೇಕೆಂದರೆ ಅಲ್ಲಿದೆ, ತುದಿಯಿಂದ ತುದಿಗೆ ಹಡಗು, ಕೈ, ಕಾಲು, ಕತ್ತಿ. ಅದೇ 1577ರಲ್ಲಿ ವೆನಿಯೆರ್ ಡೋಜೆಯಾಗಿ ಆಯ್ಕೆಯಾಗಿದ್ದ, ಮರುವರ್ಷ ಮಾರ್ಚಿನಲ್ಲಿ ಸತ್ತ. ಆಮೇಲೆ ಅರಮನೆಯ ಸಭಾಂಗಣದಲ್ಲಿ, ಡೋಜೆ ಕೂರುವ ಪೀಠದ ಮೇಲ್ಗಡೆ, ವೆರೊನೇಸೆಯದೇ ಇನ್ನೊಂದು ಚಿತ್ರ ಬಂತು. ಅದರಲ್ಲಿ ವೆನಿಯೆರ್‌ಗೆ ಕೊನೆಗೂ ಮುಖ ಸಿಕ್ಕಿತು: ಲೆಪಾಂಟೊ ಗೆಲುವಿಗಾಗಿ ಕ್ರಿಸ್ತನಿಗೆ ಕೈಮುಗಿಯುವ ಭಕ್ತ. ಕಣ್ಣಿಗೆ ಬಾಣ ತಗುಲಿ ಸತ್ತ ಬಾರ್ಬರಿಗೊನೂ ಅಲ್ಲಿದ್ದಾನೆ, ಜುಸ್ಟಿನಾಳೂ ಇದ್ದಾಳೆ. ಡೋಜೆಯಾಗಿ, ಸತ್ತು, ಮೊಣಕಾಲೂರಿದ ಮೇಲೆ ಗಣರಾಜ್ಯ ಅಷ್ಟನ್ನು ಒಪ್ಪಿಕೊಂಡಿತು. ಮುರಾನೊ ಚಿತ್ರದ ಕಾಲಕ್ಕೆ ಅವನಿನ್ನೂ ಬದುಕಿದ್ದ.

ಇತಿಹಾಸವೆಂದು ಒಪ್ಪುವುದು ಹೇಗೆ ಎಂಬುದಕ್ಕೆ ನನ್ನ ಉತ್ತರ: 1571ರ ಅಕ್ಟೋಬರ್ 7ರ ಸಾಕ್ಷಿಯಾಗಿ ಬೇಡ, 1572ರ ಸಾಕ್ಷಿಯಾಗಿ ಒಪ್ಪಿ. ಯುದ್ಧ ಶುರುವಾದದ್ದೇ ಸೈಪ್ರಸ್ ದ್ವೀಪಕ್ಕಾಗಿ. ಅಲ್ಲಿನ ಫಮಗುಸ್ತಾ ಕೋಟೆಯನ್ನು ತುರ್ಕರು ಅದೇ ಆಗಸ್ಟಿನಲ್ಲಿ ಗೆದ್ದು, ಶರಣಾದ ವೆನಿಸ್‌ನ ಸೇನಾಪತಿ ಬ್ರಗಾದಿನ್‌ನ ಚರ್ಮ ಸುಲಿದಿದ್ದರು. ಲೆಪಾಂಟೊ ಗೆಲುವಿನಿಂದ ಸೈಪ್ರಸ್ ವಾಪಸು ಬರಲಿಲ್ಲ. ಮುಂದಿನ ವಸಂತಕ್ಕೆಲ್ಲ ತುರ್ಕರು ಹೊಸ ನೌಕಾಪಡೆ ಕಟ್ಟಿ ನೀರಿಗಿಳಿಸಿದರು. ಸೈಪ್ರಸ್ ಕಳೆದುಕೊಂಡ ನಿಮ್ಮದು ಕಡಿದ ಕೈ, ನಮ್ಮದು ಬೋಳಿಸಿದ ಗಡ್ಡ, ಗಡ್ಡ ಮತ್ತೆ ಬೆಳೆಯುತ್ತದೆ ಎಂದು ಅವರ ಪ್ರಧಾನಿ ಸೊಕೊಲ್ಲು ಮೆಹ್ಮದ್ ಪಾಷಾ ವೆನಿಸ್ ರಾಯಭಾರಿಗೆ ಹೇಳಿದನೆಂಬ ಮಾತು ಪ್ರಸಿದ್ಧ. 1573ರ ಮಾರ್ಚಿನಲ್ಲಿ ವೆನಿಸ್ ಪಾಲುದಾರರನ್ನು ಕೇಳದೆ ತುರ್ಕರ ಜೊತೆ ಒಪ್ಪಂದ ಮಾಡಿಕೊಂಡು ಸೈಪ್ರಸ್ ಬಿಟ್ಟುಕೊಟ್ಟಿತು. ಕೂಟ ಅಲ್ಲಿಗೆ ಮುರಿಯಿತು. ವೆರೊನೇಸೆ ಚಿತ್ರವನ್ನು ಸಾಮಾನ್ಯವಾಗಿ 1572-73ರದ್ದೆನ್ನುತ್ತಾರೆ. ತೈಲವರ್ಣ ಪೂರ್ತಿ ಒಣಗಲು ತಿಂಗಳುಗಟ್ಟಲೆ ಬೇಕು. ಮೋಡದ ಮೇಲೆ ಪೇತ್ರ, ಯಾಕೋಬ, ಮಾರ್ಕ ಒಟ್ಟಿಗೆ ನಿಂತ ಬಣ್ಣ ಇನ್ನೂ ಹಸಿಯಾಗಿರುವಾಗಲೇ ಕೆಳಗೆ ಅವರವರ ರಾಜ್ಯಗಳು ಬೇರೆ ಬೇರೆ ದಾರಿ ಹಿಡಿದಾಗಿತ್ತು.

ಮುಂದಿನ ಸಲ ನಿಮ್ಮೂರ ಕೆರೆ ಏರಿ ಮೇಲೆ ಹೋದಾಗ ಆ ವೀರಗಲ್ಲಿನ ಕೆಳಪಟ್ಟಿಕೆ ನೋಡಿ. ಬಿದ್ದವನನ್ನು ಸುತ್ತಲಿನ ಎಲ್ಲರಿಗಿಂತ ದೊಡ್ಡದಾಗಿ ಕಡೆದಿರುತ್ತಾರೆ. ಶಾಸನ ಅಳಿಸಿಹೋಗಿ ಹೆಸರು ಗೊತ್ತಿಲ್ಲದಿದ್ದರೂ, ಯಾರ ಕಲ್ಲು ಎಂಬುದು ಗೊತ್ತಾಗುತ್ತದೆ.